ಜೀವಜಲದ ಲೆಕ್ಕವನ್ನು ತೋರಿಕೊಟ್ಟ ಡಾಕ್ಟರ್ ಓಶಾನೆಸ್ಸಿ

ಊರು ಬಿಟ್ಟು ಪರಸ್ಥಳದಲ್ಲಿ ಹೊಟ್ಟೆ ಹೊರೆಯುವ ನಮ್ಮ ಕನ್ನಡಿಗರ ಎದೆಯನ್ನು ಬಹುಕಾಲ ನಡುಗಿಸಿದ ವಸ್ತುಗಳು ಎರಡು. ಒಂದು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದ ತಂತಿ; ಮತ್ತೊಂದು, ಆಸ್ಪತ್ರೆಯ ಮಂಚದ ಬದಿಯಲ್ಲಿ ಕಂಬಕ್ಕೆ ತೂಗುಬಿಟ್ಟ ಸಲೈನಿನ ಬಾಟಲಿ. ತಂತಿಯ ಕಾಲ ಮುಗಿದುಹೋಯಿತು. ೨೦೧೩ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆಯು ನಿಂತಿತು. ಸಲೈನಿನ ಬಾಟಲಿ ಮಾತ್ರ ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿಯೂ ತೊಟ್ಟುತೊಟ್ಟಾಗಿ ಪ್ರಾಣವನ್ನು ಎರೆಯುತ್ತಲೇ ಇದೆ. ಇವೆರಡಕ್ಕೂ ಪರಸ್ಪರ ಏನು ಸಂಬಂಧವೆಂದು ವಾಚಕರು ಕೇಳಬಹುದು. ಭಾರತದಲ್ಲಿ ತಂತಿಯನ್ನು ಎಳೆಯಿಸಿದ ಪುರುಷನೂ, ರಕ್ತನಾಳದೊಳಕ್ಕೆ ಉಪ್ಪುನೀರನ್ನು ಹರಿಸಬೇಕೆಂದು ಶಾಸ್ತ್ರಾಧಾರದಿಂದ ಮೊದಲು ಸಾರಿದ ಪುರುಷನೂ ಒಬ್ಬರೇ. ಅವರು ಡಾಕ್ಟರ್ ವಿಲಿಯಂ ಬ್ರೂಕ್ ಓಶಾನೆಸ್ಸಿಯವರು. ಅವರ ಜೀವನಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ನಾವು ಉದ್ದೇಶಿಸಿದ್ದೇವೆ. ಗುಮಾಸ್ತಿಕೆಯಲ್ಲಿ ಲೆಕ್ಕ ಬರೆಯುವವರಿಗೂ ಅಡುಗೆಮನೆಯಲ್ಲಿ ಅಳತೆ ನೋಡಿ ಪದಾರ್ಥ ಹಾಕುವವರಿಗೂ ಈ ಕಥೆ ವಿಶೇಷವಾಗಿ ರುಚಿಸುವುದೆಂದು ನಮ್ಮ ನಂಬಿಕೆ. ಏಕೆಂದರೆ ಇದು ಮೂಲತಃ ಒಂದು ಲೆಕ್ಕದ ಕಥೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಓಶಾನೆಸ್ಸಿಯವರು ಐರ್ಲೆಂಡ್ ದೇಶದ ಲಿಮರಿಕ್ ಪಟ್ಟಣದಲ್ಲಿ ೧೮೦೯ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಜನಿಸಿದರು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಆ ಕಾಲದಲ್ಲಿ ವೈದ್ಯವಿದ್ಯೆಗೆ ಹೆಸರಾಂತ ಪೀಠವಾಗಿತ್ತು. ಅಲ್ಲಿ ವ್ಯಾಸಂಗ ಮಾಡಿ ೧೮೨೯ರಲ್ಲಿ, ಇಪ್ಪತ್ತು ವರುಷ ತುಂಬುವ ಸುಮಾರಿನಲ್ಲಿಯೇ, ಅವರು ವೈದ್ಯ ಪದವಿಯನ್ನು ಗಳಿಸಿದರು. ರಸಾಯನಶಾಸ್ತ್ರದಲ್ಲಿ ಅವರಿಗಿದ್ದ ಆಸಕ್ತಿ ಅಸಾಧಾರಣವಾದುದು. ಯಾವ ಪದಾರ್ಥವೇ ಆಗಲಿ, ಅದರಲ್ಲಿ ಏನು ಎಷ್ಟಿದೆಯೆಂದು ಬೇರ್ಪಡಿಸಿ ತೂಗಿ ನೋಡುವುದು ಅವರಿಗೆ ಸ್ವಭಾವವೇ ಆಗಿತ್ತು.

ಪದವಿಯೇನೋ ಕೈಗೆ ಬಂದಿತು. ಅನ್ನಕ್ಕೆ ದಾರಿ ಸುಲಭವಾಗಿ ದೊರೆಯಲಿಲ್ಲ. ಉದ್ಯೋಗವನ್ನರಸಿ ಲಂಡನ್ ನಗರಕ್ಕೆ ಹೋದ ಆ ತರುಣರಿಗೆ ಅಲ್ಲಿ ವೈದ್ಯವೃತ್ತಿಯನ್ನು ನಡೆಸಲು ಅಪ್ಪಣೆಯಿರಲಿಲ್ಲ. ಆ ನಗರದಲ್ಲಿ ರೋಗಿಗಳನ್ನು ನೋಡಬೇಕಾದರೆ ಅಲ್ಲಿನ ವೈದ್ಯರ ಕಾಲೇಜಿನ ಪರವಾನಗಿ ಬೇಕು. ಎಡಿನ್‌ಬರೋ ಪದವಿಯೊಂದೇ ಸಾಲದು. ಪರಸ್ಥಳಕ್ಕೆ ಹೋದವನ ಕೈಯಲ್ಲಿ ವಿದ್ಯೆಯಿದ್ದರೂ ಬಾಗಿಲು ಮುಚ್ಚಿರುವುದು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಓಶಾನೆಸ್ಸಿಯವರು ಎದೆಗುಂದದೆ ಒಂದು ಪ್ರಯೋಗಶಾಲೆಯನ್ನು ಹೂಡಿ, ವಿಷಪದಾರ್ಥಗಳನ್ನು ಕಂಡುಹಿಡಿಯುವ ಕೆಲಸವನ್ನು ಕೈಗೊಂಡರು.

ಆ ದಿನಗಳಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹೋಟೆಲು ಉದ್ಯಮದವರು ಅವಶ್ಯ ತಿಳಿದಿರಬೇಕು. ಲಂಡನ್ನಿನ ಅಂಗಡಿಗಳಲ್ಲಿ ಮಕ್ಕಳಿಗಾಗಿ ಮಾರುತ್ತಿದ್ದ ಬಣ್ಣಬಣ್ಣದ ಸಕ್ಕರೆ ಮಿಠಾಯಿಗಳನ್ನು ತರಿಸಿ ಪರೀಕ್ಷಿಸಿದರು. ಕೆಂಪು, ಹಳದಿ, ಹಸುರು ಬಣ್ಣಗಳಿಗಾಗಿ ಸೀಸ, ತಾಮ್ರ, ಪಾದರಸಗಳ ವಿಷಲವಣಗಳನ್ನು ಬೆರೆಸುತ್ತಿದ್ದರೆಂಬುದು ಅದರಿಂದ ಹೊರಬಿದ್ದಿತು. ೧೮೩೧ರಲ್ಲಿ ಅವರು ಈ ಸಂಗತಿಯನ್ನು ಲಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಊಹೆಯಿಂದ ದೂರು ಹೇಳುವುದು ಬೇರೆ, ತೂಗಿ ತೋರಿಸುವುದು ಬೇರೆ. ಓಶಾನೆಸ್ಸಿಯವರದು ಎರಡನೆಯ ಮಾರ್ಗ. ಅದೇ ವರುಷದ ಕೊನೆಯಲ್ಲಿ ಈ ಮಾರ್ಗವೇ ಅವರನ್ನು ಬಹು ದೊಡ್ಡದೊಂದು ಸತ್ಯದ ಬಾಗಿಲಿಗೆ ಕರೆದೊಯ್ದಿತು.

ಮಹಾಮಾರಿಯ ಎದುರಿನಲ್ಲಿ

ನಮ್ಮ ಹಿರಿಯರು ವಾಂತಿಭೇದಿಯೆಂದೂ ಕಾಲರಾ ಎಂದೂ ಕರೆಯುತ್ತಿದ್ದ ರೋಗವು ಬಂಗಾಳದಿಂದ ಹೊರಟು ದೇಶದೇಶಗಳನ್ನು ದಾಟಿ ೧೮೩೧ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರನ್ನು ಮುಟ್ಟಿತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಹೆಣವಾಗುತ್ತಿದ್ದನು. ಕಣ್ಣು ಗುಳಿಬಿದ್ದು, ಮೈ ತಣ್ಣಗಾಗಿ, ಚರ್ಮವು ನೀಲಿಗಟ್ಟಿ ಸುಕ್ಕಾಗಿ, ನಾಡಿ ಕೈಗೆ ಸಿಕ್ಕದಂತಾಗುತ್ತಿತ್ತು. ಆ ಕಾಲದ ವೈದ್ಯರು ಮಾಡುತ್ತಿದ್ದ ಚಿಕಿತ್ಸೆಯನ್ನು ಕೇಳಿದರೆ ಇಂದು ಮೈ ಜುಮ್ಮೆನ್ನುತ್ತದೆ. ರಕ್ತನಾಳವನ್ನು ಕತ್ತರಿಸಿ ರಕ್ತವನ್ನು ಹೊರಕ್ಕೆ ಬಿಡುತ್ತಿದ್ದರು, ಪಾದರಸದ ಭೇದಿಯೌಷಧವನ್ನು ಕುಡಿಸುತ್ತಿದ್ದರು, ಅಫೀಮನ್ನು ಕೊಡುತ್ತಿದ್ದರು. ನೀರಿಲ್ಲದೆ ಸಾಯುತ್ತಿದ್ದವನಿಂದ ಮತ್ತಷ್ಟು ನೀರನ್ನು ಕಿತ್ತುಕೊಳ್ಳುತ್ತಿದ್ದೇವೆಂಬುದು ಅವರಿಗೆ ಗೋಚರಿಸಿರಲಿಲ್ಲ.

ಓಶಾನೆಸ್ಸಿಯವರಿಗೆ ಆಗ ಇಪ್ಪತ್ತೆರಡು ವರುಷ. ಅವರ ಮೊದಲ ಊಹೆಯೂ ಸರಿಯಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಕಾಲರಾ ರೋಗಿಯ ರಕ್ತವು ಕಪ್ಪಾಗಿರುವುದನ್ನು ಕೇಳಿ, ಅದಕ್ಕೆ ಆಮ್ಲಜನಕ ಸಾಲದಾಗಿದೆ, ಆಮ್ಲಜನಕ ತುಂಬಿದ ಲವಣಗಳನ್ನು ರಕ್ತನಾಳಕ್ಕೆ ಹೊಗಿಸಿದರೆ ಅದು ಕೆಂಪಾದೀತು ಎಂದು ಅವರು ಎಣಿಸಿದ್ದರು. ನಾಯಿಗಳ ಮೇಲೆ ಪ್ರಯೋಗವನ್ನೂ ಮಾಡಿ, ೧೮೩೧ರ ಡಿಸೆಂಬರಿನ ಆರಂಭದಲ್ಲಿ ಲಂಡನ್ನಿನ ವೈದ್ಯಸಂಘವೊಂದರ ಮುಂದೆ ಅದನ್ನು ವಿವರಿಸಿದರು. ಆದರೆ ಊಹೆಯನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ರೋಗವಿದ್ದ ಸಂಡರ್‌ಲೆಂಡಿಗೇ ಹೋಗಿ ರೋಗಿಗಳ ರಕ್ತವನ್ನು ಸಂಗ್ರಹಿಸಿ, ಆರೋಗ್ಯವಂತರ ರಕ್ತದೊಡನೆ ಹೋಲಿಸಿ, ಒಂದೊಂದು ಅಂಶವನ್ನೂ ತೂಗಿ ನೋಡಿದರು. ತಕ್ಕಡಿಯು ಅವರ ಊಹೆಯನ್ನು ಬದಲಿಸಿತು.

ಅವರಿಗೆ ಕಂಡದ್ದು ಇಷ್ಟು: ಕಾಲರಾ ರೋಗಿಯ ರಕ್ತದಲ್ಲಿ ನೀರಿನ ಅಂಶವು ಬಹಳ ಕಡಿಮೆಯಾಗಿದೆ, ಅದರಲ್ಲಿರಬೇಕಾದ ಉಪ್ಪುಗಳೂ ಸೋಡಾದ ಕ್ಷಾರವೂ ಕುಗ್ಗಿಹೋಗಿವೆ, ಮೂತ್ರ ನಿಂತುಹೋದವರ ರಕ್ತದಲ್ಲಿ, ಹೊರಕ್ಕೆ ಹೋಗಬೇಕಾಗಿದ್ದ ಯೂರಿಯಾ ಎಂಬ ಕಲ್ಮಷವು ಉಳಿದುಕೊಂಡಿದೆ. ಎಲ್ಲಕ್ಕೂ ಮಿಗಿಲಾದ ಮಾತೆಂದರೆ, ರಕ್ತದಲ್ಲಿ ಕಡಿಮೆಯಾದ ಆ ಉಪ್ಪುಗಳೇ ರೋಗಿಯು ವಿಸರ್ಜಿಸಿದ ಅಕ್ಕಿಗಂಜಿಯಂತಹ ಭೇದಿಯಲ್ಲಿ ಹೇರಳವಾಗಿ ದೊರೆತುವು. ಅಂಗಡಿಯ ಜಮಾಖರ್ಚನ್ನು ಬರೆಯುವ ಗುಮಾಸ್ತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪುಟದಲ್ಲಿ ಕಾಣೆಯಾದ ಮೊತ್ತವು ಮತ್ತೊಂದು ಪುಟದಲ್ಲಿ ಖರ್ಚೆಂದು ಬರೆದಿದೆ, ಲೆಕ್ಕವು ತಾಳೆಯಾಯಿತು. ರೋಗಿಯು ಸಾಯುತ್ತಿರುವುದು ಯಾವುದೋ ಗೂಢವಿಷದಿಂದ ರಕ್ತವು ಕಪ್ಪಾದುದರಿಂದಲ್ಲ. ಮೈಯೊಳಗಿನ ನೀರೂ ಉಪ್ಪೂ ಸೋರಿಹೋಗಿ ರಕ್ತವು ಹರಿಯಲಾರದಷ್ಟು ಮಂದವಾದುದರಿಂದ.

ಕಾರಣವು ತಿಳಿದ ಮೇಲೆ ಪರಿಹಾರವು ತಾನಾಗಿಯೇ ಹೊಳೆಯಿತು. ಹೋದುದನ್ನು ಹಿಂದಕ್ಕೆ ಕೊಡಬೇಕು. ಬಾಯಿಂದ ಕೊಟ್ಟುದು ವಾಂತಿಯಾಗುವುದಾದರೆ, ರಕ್ತದಲ್ಲಿ ಸಹಜವಾಗಿರುವ ಉಪ್ಪುಗಳನ್ನು ಕರಗಿಸಿದ ಉಗುರುಬೆಚ್ಚನೆಯ ನೀರನ್ನು ನೇರವಾಗಿ ರಕ್ತನಾಳಕ್ಕೆ ಹರಿಸಬೇಕು. ೧೮೩೧ರ ಡಿಸೆಂಬರ್ ಕೊನೆಯಲ್ಲಿಯೂ ೧೮೩೨ರ ಜನವರಿಯಲ್ಲಿಯೂ ಲಾನ್ಸೆಟ್ ಪತ್ರಿಕೆಯು ಈ ನಿರ್ಣಯವನ್ನು ಪ್ರಕಟಿಸಿತು. ವೃತ್ತಿಗೆ ಪರವಾನಗಿಯೂ ಇಲ್ಲದ ಒಬ್ಬ ತರುಣನು ಆ ಎರಡು ವಾರಗಳಲ್ಲಿ ಬರೆದುದೇ ಇಂದಿನ ಸಲೈನಿನ ಬಾಟಲಿಗೆ ತಳಹದಿ.

ಲೀತ್ ಪಟ್ಟಣದ ವೈದ್ಯರು

ಈ ಲೇಖನವನ್ನು ಓದಿದವರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬ ಬಂದರಿನ ವೈದ್ಯರಾದ ತೋಮಸ್ ಲ್ಯಾಟಾ ಎಂಬವರೊಬ್ಬರು. ಮನುಷ್ಯನ ಮೇಲೆ ಈ ಚಿಕಿತ್ಸೆಯನ್ನು ೧೮೩೨ರಲ್ಲಿ ಧೈರ್ಯವಾಗಿ ನಡೆಸಿ ನೋಡಿದವರು ಅವರು. ಅವರ ಮೊದಲನೆಯ ರೋಗಿ ಒಬ್ಬ ವೃದ್ಧೆ. ಎಲ್ಲ ಔಷಧಗಳೂ ಸೋತು, ಆಕೆಯು ಕೊನೆಯುಸಿರಿನಲ್ಲಿದ್ದಳು. ಲ್ಯಾಟಾ ಅವರು ಆಕೆಯ ತೋಳಿನ ರಕ್ತನಾಳಕ್ಕೆ ನಳಿಗೆಯನ್ನು ಹೊಗಿಸಿ ಔನ್ಸು ಔನ್ಸಾಗಿ ಉಪ್ಪುನೀರನ್ನು ಹರಿಸಿದರು. ಮೊದಮೊದಲು ಯಾವ ಬದಲಾವಣೆಯೂ ಕಾಣಲಿಲ್ಲ. ಬಳಿಕ ಉಸಿರು ನೀಳವಾಯಿತು. ಗುಳಿಬಿದ್ದ ಕಣ್ಣು ಬೆಳಗಿತು. ಸಿಕ್ಕದಿದ್ದ ನಾಡಿ ಕೈಗೆ ತಗುಲಿತು. ಮೂರು ಲೀಟರಿಗೂ ಮಿಕ್ಕ ದ್ರವವು ಒಳಹೊಕ್ಕಾಗ ಆಕೆಯು ತನಗೆ ಯಾವ ನೋವೂ ಇಲ್ಲವೆಂದು ಹೇಳುವ ಸ್ಥಿತಿಗೆ ಬಂದಳು.

ಅಪಾಯವು ಕಳೆಯಿತೆಂದು ಬಗೆದು ಲ್ಯಾಟಾ ಅವರು ಆಕೆಯನ್ನು ಆಸ್ಪತ್ರೆಯ ವೈದ್ಯರ ವಶಕ್ಕೆ ಒಪ್ಪಿಸಿ ಮನೆಗೆ ತೆರಳಿದರು. ಅವರು ಹೋದ ಸ್ವಲ್ಪ ಹೊತ್ತಿಗೆ ವಾಂತಿಭೇದಿಗಳು ಮರುಕಳಿಸಿದುವು. ಅವರಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ದ್ರವವನ್ನು ಮತ್ತೆ ಕೊಡಲಿಲ್ಲ. ಐದೂವರೆ ಗಂಟೆಗಳಲ್ಲಿ ಆ ವೃದ್ಧೆಯ ಪ್ರಾಣವು ಹೋಯಿತು. ಹೋದುದನ್ನು ಒಮ್ಮೆ ತುಂಬಿಕೊಟ್ಟರೆ ಸಾಲದು, ಮುಂದೆ ಹೋಗುತ್ತಿರುವುದನ್ನೂ ಗಳಿಗೆಗಳಿಗೆಗೆ ತುಂಬಿಕೊಡುತ್ತಲೇ ಇರಬೇಕೆಂಬ ಪಾಠಕ್ಕೆ ಆಕೆಯ ಪ್ರಾಣವೇ ಬೆಲೆಯಾಯಿತು. ಲ್ಯಾಟಾ ಅವರು ಆ ಪಾಠವನ್ನು ಗ್ರಹಿಸಿದರು; ಮುಂದಿನ ರೋಗಿಗಳಿಗೆ ಮತ್ತೆ ಮತ್ತೆ ದ್ರವವನ್ನು ಕೊಟ್ಟರು; ಕೈಬಿಟ್ಟುಹೋಗಿದ್ದ ಹಲವರು ಬದುಕಿಕೊಂಡರು.

ಇಷ್ಟಾದರೂ ಈ ಚಿಕಿತ್ಸೆಯು ಬಹುಕಾಲ ಮೂಲೆಗೆ ಬಿದ್ದಿತು. ಅದಕ್ಕೆ ಕಾರಣಗಳು ಹಲವು. ಸಾಯುವುದು ಖಂಡಿತವೆಂದು ತಿಳಿದವರಿಗೆ ಮಾತ್ರ ಇದನ್ನು ಮಾಡುತ್ತಿದ್ದುದರಿಂದ ಸತ್ತವರ ಸಂಖ್ಯೆ ಹೆಚ್ಚಾಗಿ ಕಂಡಿತು. ರೋಗಾಣುಗಳ ಪರಿಜ್ಞಾನವು ಆಗ ಇರಲಿಲ್ಲವಾಗಿ ನೀರನ್ನು ಶುದ್ಧಿಮಾಡುವ ಕ್ರಮವಿರಲಿಲ್ಲ. ಅಶುದ್ಧವಾದ ನೀರಿನಿಂದಲೇ ಕೆಲವರು ಸತ್ತಿರಬೇಕು. ಉಪ್ಪಿನ ಪ್ರಮಾಣವೂ ರಕ್ತಕ್ಕೆ ಸರಿಹೊಂದುತ್ತಿರಲಿಲ್ಲ. ಅಷ್ಟರಲ್ಲಿ ಕಾಲರಾ ಹಾವಳಿಯೂ ಇಳಿಯಿತು. ಲ್ಯಾಟಾ ಅವರು ೧೮೩೩ರಲ್ಲಿ ತೀರಿಕೊಂಡರು. ಅದೇ ವರುಷ ಓಶಾನೆಸ್ಸಿಯವರು ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯಸೇವೆಗೆ ಸೇರಿ ಭಾರತದ ಕಡೆಗೆ ಹೊರಟರು.

ಕಲ್ಕತ್ತೆಯಲ್ಲಿ

೧೮೩೫ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜು ಸ್ಥಾಪಿತವಾಯಿತು. ಅಲ್ಲಿ ಓಶಾನೆಸ್ಸಿಯವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಇಂಗ್ಲೆಂಡಿನಲ್ಲಿ ಮುಚ್ಚಿದ್ದ ಬಾಗಿಲುಗಳು ಇಲ್ಲಿ ಒಂದೊಂದಾಗಿ ತೆರೆದುವು. ವಿಲಾಯತಿಯಿಂದ ಬರುವ ದುಬಾರಿಯ ಔಷಧಗಳನ್ನೇ ನೆಚ್ಚಿರದೆ ಈ ದೇಶದ ಗಿಡಮೂಲಿಕೆಗಳಲ್ಲಿ ಯಾವುವು ನಿಜವಾಗಿ ಗುಣಕಾರಿಗಳೆಂದು ಪರೀಕ್ಷಿಸಲು ಅವರು ತೊಡಗಿದರು. ಗಾಂಜಾ ಗಿಡದ ಗುಣದೋಷಗಳನ್ನು ಮೊದಲು ಪ್ರಾಣಿಗಳ ಮೇಲೂ ಬಳಿಕ ರೋಗಿಗಳ ಮೇಲೂ ಪರೀಕ್ಷಿಸಿ ೧೮೩೯ರಲ್ಲಿ ಅವರು ಪ್ರಕಟಿಸಿದ ಲೇಖನವು ಪಾಶ್ಚಾತ್ಯ ವೈದ್ಯರ ಗಮನವನ್ನು ಸೆಳೆಯಿತು. ಧನುರ್ವಾಯುವಿನ ಸೆಳೆತಗಳು ಅದರಿಂದ ಸಡಿಲಗೊಳ್ಳುವುದನ್ನು ಅವರು ಕಂಡಿದ್ದರು. ಮಿತಿಮೀರಿದರೆ ಆಗುವ ಕೆಡುಕನ್ನೂ ಮರೆಮಾಚದೆ ಬರೆದರು. ಕಾಲರಾ ರೋಗಿಗಳಲ್ಲಿಯೂ ಅದನ್ನು ಪ್ರಯೋಗಿಸಿ ನೋಡಿದರು. ೧೮೪೨ರಲ್ಲಿ ಬಂಗಾಳದ ಔಷಧಕೋಶವನ್ನೂ ೧೮೪೪ರಲ್ಲಿ ಔಷಧಸಂಹಿತೆಯನ್ನೂ ಹೊರತಂದರು. ೧೮೪೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡು ಗೌರವಿಸಿತು.

ಕಾಲರಾ ರೋಗದ ತವರೂರಾದ ಬಂಗಾಳಕ್ಕೇ ಅವರು ಬಂದಿದ್ದರೂ, ಅವರ ಯೌವನದ ಆ ಮಹಾಶೋಧವು ಅವರ ಕಾಲದಲ್ಲಿ ಇಲ್ಲಿ ಬೇರೂರಲಿಲ್ಲವೆಂಬುದು ವಿಷಾದದ ಸಂಗತಿ. ಅದು ಬೇರೂರಲು ಶುದ್ಧವಾದ ನೀರು, ಸರಿಯಾದ ಸೂಜಿ, ಉಪ್ಪಿನ ನಿಖರವಾದ ಅಳತೆ, ಹಗಲಿರುಳೂ ನೋಡಿಕೊಳ್ಳುವ ದಾದಿಯರು, ಇವೆಲ್ಲವೂ ಬೇಕಾಗಿದ್ದುವು. ಒಬ್ಬನ ಬುದ್ಧಿಗೆ ಹೊಳೆದುದು ನೂರಾರು ಕೈಗಳಿಗೆ ಪಳಗುವವರೆಗೆ ಲೋಕಕ್ಕೆ ದಕ್ಕುವುದಿಲ್ಲ.

ತಂತಿಯ ಕಾರ್ಯ

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿಯೇ, ೧೮೩೯ರಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದ ಬಳಿ ತಂತಿಯನ್ನು ಕಟ್ಟಿ ವಿದ್ಯುತ್ತಿನಿಂದ ಸಂಕೇತಗಳನ್ನು ಕಳುಹಿಸುವ ಪ್ರಯೋಗವನ್ನು ಓಶಾನೆಸ್ಸಿಯವರು ನಡೆಸಿದ್ದರು. ಹೂಗ್ಲಿ ನದಿಯ ನೀರಿನ ಮೂಲಕವೂ ಸಂಕೇತವನ್ನು ಹಾಯಿಸಿ ನೋಡಿದ್ದರು. ಸರಕಾರವು ಆಗ ಕಿವಿಗೊಡಲಿಲ್ಲ. ಮುಂದೆ ಅವರು ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷೆಯ ಅಧಿಕಾರದಲ್ಲಿದ್ದಾಗ, ಗವರ್ನರ್ ಜನರಲ್ ಡಾಲ್‌ಹೌಸಿಯವರ ಆಳಿಕೆಯಲ್ಲಿ ಆ ಕಾರ್ಯಕ್ಕೆ ಮತ್ತೆ ಕರೆ ಬಂದಿತು. ೧೮೫೧ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ವರೆಗಿನ ದಾರಿಯಲ್ಲಿ ತಂತಿಯು ಕೆಲಸಕ್ಕೆ ಬಂದಿತು. ಈ ಕಾರ್ಯದಲ್ಲಿ ಅವರ ಬಲಗೈಯಾಗಿ ದುಡಿದವರು ಶಿವಚಂದ್ರ ನಂದಿ ಎಂಬ ಬಂಗಾಳಿ ಮಹಾಶಯರು.

೧೮೫೪ರ ಮಾರ್ಚಿಯಲ್ಲಿ ಕಲ್ಕತ್ತೆಯಿಂದ ಆಗ್ರಾ ವರೆಗಿನ ಸುಮಾರು ೮೦೦ ಮೈಲಿಗಳ ತಂತಿ ಮುಗಿಯಿತು. ೧೮೫೫ರ ಆರಂಭದ ಹೊತ್ತಿಗೆ ಒಟ್ಟು ಸುಮಾರು ೪,೦೦೦ ಮೈಲಿಗಳ ತಂತಿಯು ಕಲ್ಕತ್ತೆ, ಆಗ್ರಾ, ಪೇಶಾವರ, ಮುಂಬಯಿ, ಮದರಾಸುಗಳನ್ನು ಕೂಡಿಸಿತು. ನಮ್ಮ ಬೆಂಗಳೂರೂ ನೀಲಗಿರಿಯ ಉದಕಮಂಡಲವೂ ಆ ಜಾಲದೊಳಕ್ಕೆ ಬಂದುವು. ಅದೇ ವರುಷದ ಫೆಬ್ರವರಿಯಲ್ಲಿ ತಂತಿಯು ಸಾರ್ವಜನಿಕರಿಗೂ ತೆರೆಯಿತು. ವಿದೇಶದಿಂದ ಬಂದ ಸಾಮಗ್ರಿಯನ್ನೇ ಕಾಯದೆ ಈ ದೇಶದ ಬಿಸಿಲು, ಮಳೆ, ಬಿರುಗಾಳಿಗಳಿಗೆ ತಾಳುವ ದಪ್ಪ ಕಬ್ಬಿಣದ ಸರಳನ್ನೂ ಬಿದಿರು ಕಂಬಗಳನ್ನೂ ಅವರು ಪರೀಕ್ಷಿಸಿ ಬಳಸಿದುದು ಅವರ ಬುದ್ಧಿಯ ಹರಿತಕ್ಕೆ ಸಾಕ್ಷಿ. ೧೮೫೬ರಲ್ಲಿ ಅವರಿಗೆ ಸರ್ ಪದವಿ ಬಂದಿತು.

ಆ ತಂತಿಯು ಆಳುವ ಕಂಪೆನಿಗೆ ಆಯುಧವೂ ಆಗಿತ್ತೆಂಬುದನ್ನು ನಾವು ಮರೆಯಬಾರದು. ೧೮೫೭ರ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸುದ್ದಿಯು ಕುದುರೆಗಿಂತ ವೇಗವಾಗಿ ಓಡಿ ಬ್ರಿಟಿಷರಿಗೆ ನೆರವಾಯಿತು. ಬಂಡೆದ್ದ ಸಿಪಾಯಿಗಳು ಕಂಡಲ್ಲೆಲ್ಲ ತಂತಿಯನ್ನು ಕತ್ತರಿಸಿದರು. ಆದರೆ ಕಾಲ ಉರುಳಿದಂತೆ ಅದೇ ತಂತಿಯು ಜನರ ಸೊತ್ತಾಯಿತು. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗನಿಗೂ ಉಡುಪಿಯ ಹಳ್ಳಿಯಲ್ಲಿರುವ ತಾಯಿಗೂ ನಡುವೆ ಹುಟ್ಟು ಸಾವುಗಳ ವಾರ್ತೆಯನ್ನು ಮುಟ್ಟಿಸಿತು.

ಓಶಾನೆಸ್ಸಿಯವರು ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ೧೮೬೧ರಲ್ಲಿ ತಮ್ಮ ಹೆಸರನ್ನು ವಿಲಿಯಂ ಓಶಾನೆಸ್ಸಿ ಬ್ರೂಕ್ ಎಂದು ಬದಲಿಸಿಕೊಂಡರು. ೧೮೮೯ನೆಯ ಇಸವಿ ಜನವರಿ ೮ನೆಯ ತಾರೀಖು ಸೌತ್‌ಸೀ ಎಂಬ ಕಡಲತೀರದ ಊರಿನಲ್ಲಿ ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು.

ಉಳಿದು ಬೆಳೆದ ವಿದ್ಯೆ

ಅವರು ಬಿತ್ತಿದ ಬೀಜವು ಅವರ ಕಾಲೇಜಿನ ಅಂಗಳದಲ್ಲಿಯೇ ಮರಳಿ ಮೊಳೆತುದು ಒಂದು ವಿಶೇಷ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಕಲ್ಕತ್ತೆ ಮೆಡಿಕಲ್ ಕಾಲೇಜಿನಲ್ಲಿದ್ದ ಲಿಯೊನಾರ್ಡ್ ರಾಜರ್ಸ್ ಅವರು ಕಾಲರಾ ರೋಗಿಗಳ ರಕ್ತವು ಎಷ್ಟು ಮಂದವಾಗಿದೆಯೆಂದು ಅಳೆದು, ಅದಕ್ಕೆ ತಕ್ಕಷ್ಟು ಉಪ್ಪುನೀರನ್ನು ರಕ್ತನಾಳಕ್ಕೆ ಕೊಡುವ ಪದ್ಧತಿಯನ್ನು ರೂಢಿಗೆ ತಂದರು. ಅದರಿಂದ ಸಾವಿನ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ಮೊದಲು ಅಳೆ, ಬಳಿಕ ಕೊಡು ಎಂಬ ಸಂಡರ್‌ಲೆಂಡಿನ ವಿಧಾನವೇ ಇಲ್ಲಿಯೂ ಗೆದ್ದಿತು.

ಈಗಿನ ವೈದ್ಯರು ಈ ಲೆಕ್ಕವನ್ನು ಮೂರು ಬಾಬುಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಹಳೆಯ ಬಾಕಿ. ರೋಗಿಯು ಆಸ್ಪತ್ರೆಗೆ ಬರುವ ಮುನ್ನವೇ ಕಳೆದುಕೊಂಡ ನೀರು ಮತ್ತು ಉಪ್ಪು. ಎರಡನೆಯದು ಚಾಲ್ತಿ ನಷ್ಟ. ವಾಂತಿಭೇದಿಗಳಿಂದ ಈಗಲೂ ಹೋಗುತ್ತಿರುವುದು. ಲ್ಯಾಟಾ ಅವರ ವೃದ್ಧೆಯು ಈ ಬಾಬನ್ನು ಬರೆಯುವವರಿಲ್ಲದೆ ಸತ್ತಳು. ತೀವ್ರವಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ಮೂರನೆಯದು ನಿತ್ಯದ ಖರ್ಚು. ಯಾವ ಭೇದಿಯೂ ಇಲ್ಲದೆ ಸುಮ್ಮನೆ ಮಲಗಿರುವ ದೇಹಕ್ಕೂ ಬೇಕಾದ ನೀರು. ಶಸ್ತ್ರಚಿಕಿತ್ಸೆಯಾದವರಿಗೂ ಎಚ್ಚರವಿಲ್ಲದವರಿಗೂ ಬಾಯಿಂದ ಕುಡಿಯುವ ಹಾಗಿಲ್ಲ. ಆದರೂ ಉಸಿರಿನಿಂದ, ಚರ್ಮದಿಂದ, ಮೂತ್ರದಿಂದ ನೀರು ಹೋಗುತ್ತಲೇ ಇರುತ್ತದೆ. ಅಂತಹವರಿಗೆ ಬಾಟಲಿಯ ಮೂಲಕ ಎಷ್ಟನ್ನು ಕೊಡಬೇಕೆಂಬುದು ಈ ಮೂರನೆಯ ಬಾಬು.

ಮಕ್ಕಳ ಲೆಕ್ಕ, ದೊಡ್ಡವರ ಲೆಕ್ಕ

ಈ ನಿತ್ಯದ ಖರ್ಚಿಗೆ ಸುಲಭವಾದ ಸೂತ್ರವನ್ನು ೧೯೫೭ರಲ್ಲಿ ಅಮೆರಿಕದ ಹಾಲಿಡೇ ಮತ್ತು ಸೀಗರ್ ಎಂಬ ಇಬ್ಬರು ಮಕ್ಕಳ ವೈದ್ಯರು ಕೊಟ್ಟರು. ದೇಹವು ಪ್ರತಿ ೧೦೦ ಕೆಲೊರಿ ಶಾಖವನ್ನು ವೆಚ್ಚಮಾಡಿದಾಗ ಉಸಿರು ಚರ್ಮಗಳಿಂದ ಸುಮಾರು ೫೦ ಮಿಲಿಲೀಟರೂ ಮೂತ್ರದಿಂದ ಸುಮಾರು ೬೭ ಮಿಲಿಲೀಟರೂ ನೀರು ಹೋಗುತ್ತದೆ. ಆಹಾರವು ಜೀರ್ಣವಾಗಿ ಉರಿಯುವಾಗ ಒಳಗೇ ಸುಮಾರು ೧೭ ಮಿಲಿಲೀಟರ್ ಹುಟ್ಟುತ್ತದೆ. ಕೂಡಿ ಕಳೆದರೆ ಬೇಕಾದುದು ೧೦೦. ಹಾಗಾಗಿ ಎಷ್ಟು ಕೆಲೊರಿಯೋ ಅಷ್ಟು ಮಿಲಿಲೀಟರ್ ನೀರು.

ಚಿಕ್ಕ ಮಗುವು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಶಾಖವನ್ನು ವೆಚ್ಚಮಾಡುತ್ತದೆ. ಲೋಟದಲ್ಲಿ ತುಂಬಿದ ಕಾಫಿಯು ಬೇಗ ಆರುತ್ತದೆ, ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿರುತ್ತದೆ ಎಂಬುದನ್ನು ಹೋಟೆಲಿನವರು ಬಲ್ಲರು. ಆದಕಾರಣ ಸೂತ್ರವು ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲ ೧೦ ಕಿಲೋ ತೂಕಕ್ಕೆ ದಿನಕ್ಕೆ ಕಿಲೋ ಒಂದಕ್ಕೆ ೧೦೦ ಮಿಲಿಲೀಟರ್. ಮುಂದಿನ ೧೦ ಕಿಲೋಗಳಿಗೆ ಕಿಲೋ ಒಂದಕ್ಕೆ ೫೦. ಅದರ ಮೇಲಿನ ಪ್ರತಿ ಕಿಲೋಗೆ ೨೦. ೮ ಕಿಲೋ ತೂಗುವ ಮಗುವಿಗೆ ೮೦೦ ಮಿಲಿಲೀಟರ್. ೧೪ ಕಿಲೋ ಮಗುವಿಗೆ ಮೊದಲ ಹತ್ತಕ್ಕೆ ೧,೦೦೦, ಉಳಿದ ನಾಲ್ಕಕ್ಕೆ ೨೦೦, ಒಟ್ಟು ೧,೨೦೦. ೨೫ ಕಿಲೋ ಹುಡುಗನಿಗೆ ೧,೦೦೦, ೫೦೦, ೧೦೦ ಸೇರಿ ೧,೬೦೦. ಗಂಟೆಯ ಲೆಕ್ಕ ಬೇಕಾದರೆ ಇದೇ ಮೆಟ್ಟಿಲುಗಳಿಗೆ ಕ್ರಮವಾಗಿ ೪, ೨, ೧ ಮಿಲಿಲೀಟರ್ ಎಂದು ದಾದಿಯರು ನೆನಪಿಟ್ಟುಕೊಳ್ಳುತ್ತಾರೆ.

ದೊಡ್ಡವರಿಗೆ ಬ್ರಿಟನ್ನಿನ ಅಧಿಕೃತ ವೈದ್ಯಸಂಸ್ಥೆಯು ೨೦೧೩ರಲ್ಲಿ ಕೊಟ್ಟ ಸೂಚನೆಯಂತೆ ದಿನಕ್ಕೆ ಕಿಲೋ ಒಂದಕ್ಕೆ ೨೫ರಿಂದ ೩೦ ಮಿಲಿಲೀಟರ್ ಸಾಕು. ೬೦ ಕಿಲೋ ತೂಗುವವರಿಗೆ ಅದು ೧,೫೦೦ರಿಂದ ೧,೮೦೦ ಮಿಲಿಲೀಟರ್ ಆಗುತ್ತದೆ. ಅದರೊಂದಿಗೆ ತೂಕಕ್ಕೆ ತಕ್ಕಷ್ಟು ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳೂ, ಉಪವಾಸದ ಬಾಧೆ ತಗ್ಗಿಸಲು ದಿನಕ್ಕೆ ೫೦ರಿಂದ ೧೦೦ ಗ್ರಾಂ ಗ್ಲೂಕೋಸೂ ಇರಬೇಕು. ಹೃದಯವೋ ಮೂತ್ರಪಿಂಡವೋ ಕೆಟ್ಟವರಿಗೆ, ಮುದುಕರಿಗೆ ಈ ಅಳತೆಯನ್ನು ತಗ್ಗಿಸಬೇಕು, ಜ್ವರವೇರಿದವರಿಗೆ ಹೆಚ್ಚಿಸಬೇಕಾದೀತು. ಸೂತ್ರವು ಲೆಕ್ಕದ ಮೊದಲ ಸಾಲು ಮಾತ್ರ. ಪ್ರತಿದಿನವೂ ತೂಕ, ಮೂತ್ರದ ಪ್ರಮಾಣ, ರಕ್ತದ ಪರೀಕ್ಷೆಗಳನ್ನು ನೋಡಿ ವೈದ್ಯರು ತಿದ್ದುತ್ತಲೇ ಇರಬೇಕಾಗುತ್ತದೆ.

ನೀರಿನ ಲೆಕ್ಕದಷ್ಟೇ ಉಪ್ಪಿನ ಲೆಕ್ಕವೂ ಪ್ರಾಣದ ಪ್ರಶ್ನೆ. ೧೯೫೭ರ ಸೂತ್ರದಲ್ಲಿ ನೀರಿನ ಅಳತೆಯು ಉಳಿದುಬಂದಿತು. ಅದರೊಂದಿಗೆ ಹೇಳಿದ ಉಪ್ಪಿನ ಅಳತೆಯು ಕಡಿಮೆಯೆಂದು ಮುಂದೆ ತಿಳಿಯಿತು. ರೋಗದಿಂದ ನರಳುವ ಮಗುವಿನ ದೇಹವು ಮೂತ್ರವನ್ನು ಹೊರಕ್ಕೆ ಬಿಡದೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಉಪ್ಪು ಕಡಿಮೆಯಾದ ದ್ರವವನ್ನು ಹರಿಸಿದರೆ ರಕ್ತದ ಸೋಡಿಯಂ ಕುಗ್ಗಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ. ಹೀಗೆ ಮಕ್ಕಳು ಸತ್ತುದೂ ಉಂಟು. ಆದಕಾರಣ ೨೦೧೮ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ೨೮ ದಿನಗಳಿಂದ ೧೮ ವರುಷಗಳ ವರೆಗಿನ ಹೆಚ್ಚಿನ ಮಕ್ಕಳಿಗೆ ರಕ್ತಕ್ಕೆ ಸಮನಾದ ಸೋಡಿಯಂ ಇರುವ ದ್ರವವನ್ನೇ, ತಕ್ಕಷ್ಟು ಗ್ಲೂಕೋಸು ಪೊಟ್ಯಾಸಿಯಂಗಳೊಡನೆ, ಕೊಡಬೇಕೆಂದು ನಿರ್ದೇಶಿಸಿತು. ರಕ್ತದಲ್ಲಿ ಸಹಜವಾಗಿರುವ ಉಪ್ಪುಗಳನ್ನೇ ನೀರಿಗೆ ಸೇರಿಸಬೇಕೆಂದು ೧೮೩೨ರಲ್ಲಿ ಓಶಾನೆಸ್ಸಿಯವರು ಹೇಳಿದ್ದ ಮಾತು ಹೀಗೆ ಸುತ್ತಿಬಂದು ಮತ್ತೆ ಪ್ರಮಾಣವಾಯಿತು.

ವಾಚಕರಿಗೆ ಒಂದು ಅರಿಕೆ

ಈ ಕಥೆಯಿಂದ ನಮ್ಮ ಸಹೋದರರು ಗ್ರಹಿಸಬೇಕಾದ ಎರಡು ಮಾತುಗಳುಂಟು. ದುಡಿದು ದಣಿದವರು ನಿಶ್ಶಕ್ತಿಯೆಂದು ಡಾಕ್ಟರರ ಬಳಿಗೆ ಹೋಗಿ ತಾವಾಗಿಯೇ ಒಂದು ಗ್ಲೂಕೋಸ್ ಬಾಟಲಿಯನ್ನು ಏರಿಸಿರೆಂದು ಕೇಳುವುದು ನಮ್ಮಲ್ಲಿ ಅಪರೂಪವಲ್ಲ. ಅರ್ಧ ಲೀಟರಿನ ಸಾಮಾನ್ಯ ಗ್ಲೂಕೋಸ್ ಬಾಟಲಿಯಲ್ಲಿರುವ ಗ್ಲೂಕೋಸು ೨೫ ಗ್ರಾಂ ಮಾತ್ರ. ಅದು ಐದಾರು ಚಹದ ಚಮಚ ಸಕ್ಕರೆಗೆ ಸಮ. ಬಾಯಿಂದ ಉಂಡು ಕುಡಿದು ಅರಗಿಸಿಕೊಳ್ಳಬಲ್ಲವನಿಗೆ ಒಂದು ತಟ್ಟೆ ಊಟವೂ ಒಂದು ಲೋಟ ಮಜ್ಜಿಗೆಯೂ ಅದಕ್ಕಿಂತ ಹೆಚ್ಚಿನ ಬಲವನ್ನು ಕೊಡುತ್ತವೆ. ಬೆವರಿಳಿಸಿ ಗಳಿಸಿದ ಹಣವನ್ನು ಬೇಡದ ಬಾಟಲಿಗೆ ಸುರಿಯುವುದೂ, ಬೇಡದ ಸೂಜಿಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೂ ವಿವೇಕವಲ್ಲ.

ಎರಡನೆಯದು, ವಾಂತಿಭೇದಿಯಾದಾಗ ಬಾಟಲಿಗಾಗಿ ಕಾಯುತ್ತ ಹೊತ್ತು ಕಳೆಯಬಾರದು. ೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಬಾಟಲಿಗಳು ತೀರುತ್ತ ಬಂದುವು. ಡಾಕ್ಟರ್ ದಿಲೀಪ್ ಮಹಲಾನವೀಸರು ಆಗ ಗ್ಲೂಕೋಸು, ಉಪ್ಪು, ಅಡುಗೆ ಸೋಡಾಗಳನ್ನು ಅಳತೆಯಿಂದ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಕಡೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ ೩೦ರಷ್ಟಿದ್ದ ಸಾವು ಶೇಕಡಾ ೪ಕ್ಕಿಂತ ಕೆಳಕ್ಕೆ ಇಳಿಯಿತು. ಕರುಳಿನಲ್ಲಿ ಗ್ಲೂಕೋಸು ಉಪ್ಪನ್ನೂ, ಉಪ್ಪು ನೀರನ್ನೂ ತನ್ನೊಡನೆ ಒಳಕ್ಕೆ ಸೆಳೆಯುವುದರಿಂದ ಇದು ಸಾಧ್ಯವಾಯಿತು. ಆ ಮಿಶ್ರಣವೇ ಇಂದು ಓಆರ್‌ಎಸ್ ಪೊಟ್ಟಣವಾಗಿ ಔಷಧದಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಹತ್ತಾರು ಹುಡುಗರು ಒಂದೇ ಕೋಣೆಯಲ್ಲಿ ಮಲಗುವ ಪ್ರತಿ ಹೋಟೆಲಿನಲ್ಲಿಯೂ ನಾಲ್ಕು ಪೊಟ್ಟಣಗಳು ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಅದನ್ನು ಕರಗಿಸಿ, ಹೋದಷ್ಟನ್ನು ಗುಟುಕು ಗುಟುಕಾಗಿ ತುಂಬಿಕೊಡಬೇಕು. ಕಣ್ಣು ಗುಳಿಬಿದ್ದು, ಮೂತ್ರ ನಿಂತು, ಮಂಪರು ಕವಿದರೆ, ಅಥವಾ ಕುಡಿದುದೆಲ್ಲವೂ ವಾಂತಿಯಾದರೆ,
ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ಅಲ್ಲಿ ಬಾಟಲಿಯೇ ಪ್ರಾಣರಕ್ಷಕ.

ಓಶಾನೆಸ್ಸಿಯವರ ಹೆಸರು ತಂತಿಯ ಇತಿಹಾಸದಲ್ಲಿ ಸೇರಿಹೋಯಿತು. ಆ ತಂತಿಯೂ ಈಗ ಇಲ್ಲ. ಆದರೆ ಸಂಡರ್‌ಲೆಂಡಿನಲ್ಲಿ ತಕ್ಕಡಿ ಹಿಡಿದು ಅವರು ಬರೆದಿಟ್ಟ ಲೆಕ್ಕವು, ದಾದಿಯು ರೋಗಿಯ ಮಂಚದ ಬಳಿಯ ಕಾಗದದಲ್ಲಿ ಒಳಹೋದ ನೀರೆಷ್ಟು, ಹೊರಹೋದ ನೀರೆಷ್ಟು ಎಂದು ಬರೆಯುವಾಗಲೆಲ್ಲ ಮುಂದುವರಿಯುತ್ತಿದೆ. ನಮ್ಮವರು ಯಾರಾದರೂ ಅಂತಹ ಮಂಚದ ಬದಿಯಲ್ಲಿ ರಾತ್ರಿ ಕೂರುವ ಸಂದರ್ಭ ಬಂದರೆ, ರೋಗಿಯು ಕುಡಿದುದನ್ನೂ ವಿಸರ್ಜಿಸಿದುದನ್ನೂ ಮರೆಯದೆ ಹೇಳಿ ಆ ಲೆಕ್ಕವು ತಪ್ಪದಂತೆ ನೋಡಿಕೊಳ್ಳಲಿ. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆಯು ಅದೇ.